ದುಮೆಜುಲುವಿನ ಸೊಸೆ ಹೇಳದ ಪದ

ಭಾನುವಾರ ಪಾದ್ರಿ ಮಶಿಯಾ ಬರುವವರಿದ್ದರು. ವರ್ಷಕ್ಕೊಮ್ಮೆ ಅವರು ನಮ್ಮ ಗುಡ್ಡಕ್ಕೆ ಬಂದು, ಸಭೆಗೆ ಸೇರಬೇಕೆನ್ನುವವರನ್ನು ಎಲ್ಲರ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. ಆ ವರ್ಷ ನನ್ನ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿದ್ದವು. ಮೂವರ ವಿಷಯದಲ್ಲಿ ನನಗೆ ಚಿಂತೆಯಿರಲಿಲ್ಲ. ನಾಲ್ಕನೆಯವಳು ನೊಬಂಟು. ಅವಳಿಗೆ ಕರ್ತನ ಪ್ರಾರ್ಥನೆಯ ಮೊದಲ ಸಾಲೇ ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಬಾಯಿಪಾಠವಿತ್ತು. ಆದರೆ ಆ ಸಾಲಿನಲ್ಲಿ ತಂದೆ ಎಲ್ಲಿದ್ದಾನೆಂದು ಹೇಳುವ ಪದವಿದೆ, ಇಜುಲು. ನಮ್ಮಲ್ಲಿ ಪರಲೋಕಕ್ಕೂ ಅದೇ ಪದ, ಆಕಾಶಕ್ಕೂ ಅದೇ, ಮಳೆಗೂ ಅದೇ. ಅವಳ ಮಾವನ ಹೆಸರು ದುಮೆಜುಲು, ಎಂದರೆ ಗುಡುಗುವ ಆಕಾಶ. ಸೊಸೆಯಾದವಳು ಮಾವನ ಹೆಸರನ್ನಾಗಲಿ, ಆ ಹೆಸರಿನೊಳಗಿರುವ ಪದವನ್ನಾಗಲಿ ಬಾಯಿಗೆ ತರುವಂತಿಲ್ಲ. ಮದುವೆಯಾದ ಹನ್ನೊಂದು ವರ್ಷದಿಂದ ನೊಬಂಟು ಆಕಾಶವನ್ನು 'ಮೇಲಿನದು' ಎನ್ನುತ್ತಿದ್ದಳು. ಮಳೆ ಬಂದರೆ 'ಮೇಲಿನದು ಇಳಿಯಿತು'. ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಪ್ರಾರ್ಥನೆ ಹೇಳುವಾಗ ಅವಳೊಬ್ಬಳು ಸುಮ್ಮನಾಗುವುದು ಯಾರಿಗೂ ಕೇಳಿಸುತ್ತಿರಲಿಲ್ಲ. ಪರೀಕ್ಷೆಗೆಂದು ಒಬ್ಬಳನ್ನೇ ಬೆಂಚಿನ ಮೇಲೆ ಕೂರಿಸಿ ಹೇಳಿಸಿದಾಗಲೇ ನನಗೆ ಗೊತ್ತಾದದ್ದು.

"ಮತ್ತೆ ಹೇಳು ತಂಗಿ. ಒಂದು ಪದ ಬಿಟ್ಟೆ."

"ಬಿಟ್ಟಿಲ್ಲ. ಸುತ್ತಿಕೊಂಡು ಹೋದೆ."

ಕಾರಣ ತಿಳಿಸಿದವರು ಹೆಂಗಸರ ಸಂಘದ ಹಿರಿಯರಾದ ಮಂಬೆಲೆ. ಮೂಗಿಗೆ ನಶ್ಯ ಏರಿಸುತ್ತಾ, "ಪಟ್ಟಣದಲ್ಲಿ ಬೆಳೆದ್ರೆ ಹಿಂಗೇ ಆಗೋದು," ಎಂದರು. ಅವರು ಹೇಳಿದ್ದು ನಿಜ. ನನ್ನ ಹೆಂಡತಿ ಪೋರ್ಟ್ ಎಲಿಜಬೆತ್‌ನವಳು. ನನ್ನಪ್ಪನ ಹೆಸರನ್ನು ನಗುನಗುತ್ತಾ ಕರೆಯುತ್ತಿದ್ದಳು. ನಾನು ಅಲ್ಲಿ ಹಗಲು ಉಣ್ಣೆ ಗೋದಾಮಿನಲ್ಲಿ ಮೂಟೆ ಹೊತ್ತು, ಸಂಜೆ ಶಾಲೆಯಲ್ಲಿ ಓದಿ ಉಪದೇಶಿಯಾದವನು. ಸಂಜೆ ಶಾಲೆಯ ಮೇಷ್ಟ್ರು ಒಂದು ಅಕ್ಷರ ತಪ್ಪಿದರೂ ಹಾಳೆಯನ್ನೇ ಹರಿದು ಕೈಗೆ ಕೊಡುತ್ತಿದ್ದರು. ಆ ಭಯ ಇನ್ನೂ ಹೋಗಿಲ್ಲ. ಅಭ್ಯರ್ಥಿಯು ತನ್ನ ಬಾಯಿಂದಲೇ ತಪ್ಪಿಲ್ಲದೆ ಹೇಳತಕ್ಕದ್ದು ಎಂದು ಸಭೆಯ ನಿಯಮದ ಪುಸ್ತಕದಲ್ಲಿತ್ತು. ಅದನ್ನು ನಾನು ಎಷ್ಟು ಸಲ ತೆಗೆದು ಓದಿದರೂ ಅಲ್ಲಿ ಬೇರೆ ಮಾತು ಕಾಣಲಿಲ್ಲ.

ತ್ಸಿತ್ಸಾ ನದಿಯ ಮೇಲಿನ ಈ ಗುಡ್ಡಗಳಿಗೆ ನಾನು ಬಂದು ಆಗ ಮೂರು ವರ್ಷವಾಗಿತ್ತು. ನಾಲ್ಕು ಕಡೆ ಪ್ರಾರ್ಥನೆ ನಡೆಸಬೇಕು, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬೇಕು. ಮರಕ್ಕೆ ತೂಗುಹಾಕಿದ ರೈಲು ಕಂಬಿಯನ್ನು ಬಡಿದು ಜನರನ್ನು ಸೇರಿಸುವುದು, ಸತ್ತವರನ್ನು ಹೂಳುವುದು, ಚರ್ಚಿನ ಸೂರಿನಲ್ಲಿ ಗೂಡು ಕಟ್ಟಿದ ಹಕ್ಕಿಗಳ ಹಿಕ್ಕೆ ಗುಡಿಸುವುದು, ಎಲ್ಲವೂ ನನ್ನದೇ ಕೆಲಸ. ಮಂಗಳವಾರ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಅಂದು ಚಿನ್ನದ ಗಣಿಗೆ ಹೋದ ಗಂಡಂದಿರಿಗೆ ಕಾಗದ ಬರೆಸಲು ಹೆಂಗಸರು ಸಾಲಾಗಿ ಬಂದು ಕೂರುತ್ತಿದ್ದರು.

ನೊಬಂಟು ಸಹ ಆಗಾಗ ಬರುತ್ತಿದ್ದಳು. ಗಣಿಯಲ್ಲಿದ್ದ ಅವಳ ಗಂಡ ವೆಲಿಲೆ ಮನೆಗೆ ಬಾರದೆ ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅವಳು ಬಾಗಿಲಾಚೆ ನೋಡುತ್ತಾ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಹೋದ ವರ್ಷದಿಂದ ಉತ್ತರ ಬರುವುದು ನಿಂತಿತ್ತು. ಆದರೂ ಬರೆಸುವುದನ್ನು ಅವಳು ನಿಲ್ಲಿಸಿರಲಿಲ್ಲ.

ನನ್ನ ಹೆಂಡತಿ ತೀರಿಕೊಂಡು ಆರು ವರ್ಷ. ಮಂಗಳವಾರ ಬೆಳಗ್ಗೆ ನಾನು ಗಡ್ಡ ಬೋಳಿಸಿಕೊಳ್ಳುತ್ತಿದ್ದೆ, ಭಾನುವಾರಕ್ಕಿಂತ ನಾಜೂಕಾಗಿ. ಇದನ್ನು ನನಗೆ ನಾನೇ ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು.

ನೊಬಂಟುವಿಗೆ ಬೇಕಾಗಿದ್ದದ್ದು ಸಂಘದ ಕೆಂಪು ರವಿಕೆ. ಗುರುವಾರದ ಕೂಟಕ್ಕೆ ಹೆಂಗಸರು ಕೆಂಪು ರವಿಕೆ, ಬಿಳಿ ಕಾಲರು ಹಾಕಿಕೊಂಡು ಮುಂದಿನ ಸಾಲುಗಳಲ್ಲಿ ಕೂರುತ್ತಾರೆ. ಸಭೆಗೆ ಸೇರದವರು ಹಿಂದೆ, ಗೋಡೆಯ ಬದಿಗೆ. "ಗಂಡ ಮನೇಲಿಲ್ದೋಳಿಗೆ ಎಲ್ಲಿ ಹೋದ್ರೂ ಕೂರಕ್ಕೆ ಜಾಗ ಇರಲ್ಲ ಉಪದೇಶಿಗಳೇ," ಎಂದು ಒಮ್ಮೆ ಹೇಳಿದ್ದಳು. "ಅಲ್ಲೊಂದು ಜಾಗ ಸಿಗ್ಲಿ ಅಂತ."

ಪರೀಕ್ಷೆಯ ವಾರ, ಗುರುವಾರ, ನಾನು ಅವಳ ಮಾವನನ್ನು ಕೇಳಿಯೇ ಬಿಡುವುದೆಂದು ಹೋದೆ. ಮುದುಕ ದನದ ದೊಡ್ಡಿಯ ಬಾಗಿಲಲ್ಲಿ ಕೂತು ಪೈಪು ಸೇದುತ್ತಿದ್ದ. ನಾನು ಅವನ ಕುಲದ ಹೆಸರು ಹಿಡಿದು ಜೊಲಾ ಎಂದು ನಮಸ್ಕರಿಸಿದೆ. ಅವನು ನನ್ನ ಕುಲ ಹಿಡಿದು ಮಾತಾಡಿಸಿದ.

"ಬಾ ರಡೆಬೆ. ನೀನು ಹೆಂಡ ಮುಟ್ಟಲ್ಲ. ಹುಳಿಗಂಜಿ ತರ್ಸಲಾ, ಇಲ್ಲ ಅದೂ ಪಾಪಾನಾ?"

"ಗಂಜಿ ಸಾಕು ಜೊಲಾ."

ನೊಬಂಟು ಗಂಜಿ ತಂದಳು. ಸೊಸೆಯರ ಪದ್ಧತಿಯಂತೆ ದೊಡ್ಡಿಯ ಎದುರು ಹಾಯದೆ, ಗುಡಿಸಲುಗಳ ಹಿಂದಿನಿಂದ ಬಳಸಿ ಬಂದು, ತಲೆಯೆತ್ತದೆ ಬಟ್ಟಲಿಟ್ಟು, ಬಂದ ದಾರಿಯಲ್ಲೇ ಹೋದಳು.

"ನೀನು ಯಾಕೆ ಬಂದಿದೀಯ ಅಂತ ನಂಗೊತ್ತು. ನನ್ನ ಹೆಸರು ಕೇಳಕ್ಕೆ ಬಂದಿದೀಯ," ಎಂದ ಮುದುಕ.

"ಒಂದೇ ಸಲ ಜೊಲಾ. ಭಾನುವಾರ ಮಾತ್ರ. ನೀವು ಹೂಂ ಅಂದ್ರೆ ಅವಳು ಹೇಳ್ತಾಳೆ."

"ನಿಮ್ಮ ದೇವ್ರು ಎಲ್ಲಿದಾನೆ ಅಂತ ಅವನಿಗೇ ಗೊತ್ತಿಲ್ವಾ? ನನ್ನ ಸೊಸೆ ಹೋಗಿ ತಿಳಿಸ್ಬೇಕಾ?"

"ನಿಯಮ ಇದೆ."

"ನಮ್ಮಲ್ಲೂ ಇದೆ." ಅವನು ಪೈಪನ್ನು ಕಲ್ಲಿಗೆ ತಟ್ಟಿ ಬೂದಿ ಉದುರಿಸಿದ. "ನೋಡು, ಅವಳನ್ನ ಈ ಮನೆಗೆ ಹಿಡ್ಕೊಂಡಿರೋದು ಏನು ಹೇಳು. ಗಂಡ ಇಲ್ಲ. ಮಗು ಇಲ್ಲ. ಬೆಳಗ್ಗೆ ಎದ್ದು ಮೇಲೆ ನೋಡಿ ಮಳೆ ವಿಷಯ ಮಾತಾಡುವಾಗ ನಾಲಿಗೆ ಒಂಚೂರು ಹೊರಳಿಸ್ತಾಳಲ್ಲ, ಅಷ್ಟೇ. ಅದು ಕಿವಿಗೆ ಬಿದ್ದಾಗ ನನ್ನ ಮಗನಿಗೆ ಇನ್ನೂ ಹೆಂಡ್ತಿ ಇದಾಳೆ ಅನ್ಕೋತೀನಿ. ಅದನ್ನೂ ನಿಂಗೆ ಕೊಡ್ಲಾ?"

ಅವನು ನನ್ನನ್ನೇ ನೋಡುತ್ತಿದ್ದ.

"ನಿಜ ಹೇಳು ರಡೆಬೆ. ನೀನು ಬಂದಿರೋದು ನನ್ನ ಹೆಸರಿಗೋ, ಸೊಸೆಗೋ?"

ನಾನು ಗಂಜಿ ಕುಡಿಯುವ ನೆಪದಲ್ಲಿ ಬಟ್ಟಲಿನೊಳಗೆ ಮುಖ ಇಟ್ಟೆ. ಇದೇ ಪ್ರಶ್ನೆಯನ್ನು ನಾನು ಎರಡು ವಾರದಿಂದ ಬೇರೆ ಮಾತುಗಳಲ್ಲಿ ಕೇಳಿಕೊಳ್ಳುತ್ತಿದ್ದೆ. ಅವಳು ಆ ಪದ ಹೇಳಿಬಿಟ್ಟರೆ, ಅಂದಿನಿಂದ ಅವಳು ಆ ಮನೆಯ ಸೊಸೆಯಾಗಿ ಉಳಿಯುವುದಿಲ್ಲ. ಹೇಳಲಿ ಎಂದು ನಾನು ಬಯಸುತ್ತಿದ್ದದ್ದು ಸಭೆಗಾಗಿಯೇ? ದೇವರಿಗೆ ಗೊತ್ತು ಎಂದು ಬರೆದು ಮುಂದೆ ಹೋಗಬಹುದು. ಆದರೆ ನನಗೂ ಗೊತ್ತಿತ್ತು.

ಮುದುಕ ಅಷ್ಟಕ್ಕೆ ಬಿಡಲಿಲ್ಲ. "ಅವಳ ಕಾಗದ ನೀನೇ ಬರೆಯೋದಲ್ವಾ? ಅವಳು ಹೇಳ್ದಂಗೇ ಬರೀತೀಯಾ?"

"ತಪ್ಪಿಲ್ದಂಗೆ ಬರೀತೀನಿ ಜೊಲಾ."

"ಹೋದ ವರ್ಷ ಮಳೆ ಬರ್ಲಿಲ್ಲ, ಜೋಳ ಒಣಗ್ತು ಅಂತ ಬರೆಸಿದ್ಲಲ್ಲ. ಹೆಂಗೆ ಬರ್ದೆ?"

ಇಜುಲು ಬರಲಿಲ್ಲ ಎಂದು ಬರೆದಿದ್ದೆ. ಹಾಗೆಂದು ಹೇಳಿದೆ. ಅವಳ 'ಮೇಲಿನದು' ಹಳ್ಳಿಯ ಒರಟು ಮಾತೆಂದುಕೊಂಡು ಪ್ರತಿ ಸಲವೂ ತಿದ್ದುತ್ತಿದ್ದೆ. ತಿದ್ದಿದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಇತ್ತು.

ಮುದುಕ ಮೆಲ್ಲಗೆ ಹೇಳಿದ. "ನನ್ನ ಮಗನಿಗೆ ಓದಕ್ಕೆ ಬರಲ್ಲ. ಹದಿನಾರು ಗಂಡಸ್ರು ಮಲಗೋ ಕೋಣೆ ಅದು. ಯಾರಾದ್ರೂ ಗಟ್ಟಿಯಾಗಿ ಓದಿ ಹೇಳ್ಬೇಕು. ಅಷ್ಟೂ ಜನದ ಮುಂದೆ ಅವನ ಹೆಂಡ್ತಿ ಅವನಪ್ಪನ ಹೆಸರು ಎತ್ತಿದಾಳೆ. ಅವನು ಏನು ತಿಳ್ಕೋಬೇಕು? ನನ್ನ ಮನೆ ಬಿಟ್ಟಾಯ್ತು ಅಂತ ತಾನೇ?"

ಮನೆಗೆ ಬಂದು ನಕಲು ಪುಸ್ತಕ ತೆಗೆದೆ. ಬರೆದ ಎಲ್ಲ ಕಾಗದಗಳ ನಕಲನ್ನೂ ನಾನು ಇಟ್ಟುಕೊಳ್ಳುತ್ತೇನೆ, ಅದು ನನ್ನ ಹಳೆಯ ಅಭ್ಯಾಸ. ನೊಬಂಟುವಿನವು ಒಂಬತ್ತು ಇದ್ದವು. ಆ ಪದವನ್ನು ಮೊದಲ ಬಾರಿ ಬರೆದ ತಿಂಗಳನ್ನೂ ಕೊನೆಯ ಉತ್ತರ ಬಂದ ತಿಂಗಳನ್ನೂ ಹೋಲಿಸಿ ನೋಡಿದೆ. ನಡುವೆ ಒಂದೇ ತಿಂಗಳು.

ಶುಕ್ರವಾರ ಮಧ್ಯಾಹ್ನ ಅವಳು ಪಾಠಕ್ಕೆ ಬಂದಾಗ ಎಲ್ಲವನ್ನೂ ಹೇಳಿದೆ. ಹೇಗೆ ಶುರು ಮಾಡಬೇಕೆಂದು ಬೆಳಗ್ಗೆಯಿಂದ ನಾಲ್ಕು ಬಗೆಯಲ್ಲಿ ಯೋಚಿಸಿದ್ದೆ. ಕೊನೆಗೆ ಯಾವುದೂ ನೆನಪಾಗದೆ, ಪುಸ್ತಕವನ್ನು ಅವಳ ಮುಂದಿಟ್ಟು, ಅವಳಿಗೆ ಓದಲು ಬರುವುದಿಲ್ಲವೆಂಬುದನ್ನೂ ಮರೆತು, ಆ ಪದಗಳ ಮೇಲೆ ಬೆರಳಿಟ್ಟೆ.

ಅವಳು ಶಾಲನ್ನು ಹಣೆಯವರೆಗೆ ಎಳೆದುಕೊಂಡಳು. "ಎಷ್ಟು ಕಾಗದದಲ್ಲಿ?"

"ಆರರಲ್ಲಿ. ಒಂದರಲ್ಲಿ ಎರಡು ಸಲ."

"ಹಂಗಾದ್ರೆ ನಾನು ಗಣೀಲಿ ಏಳು ಸಲ ಕೂಗಿದೀನಿ," ಎಂದಳು. ಪುಸ್ತಕವನ್ನು ನನ್ನ ಕಡೆಗೆ ಸರಿಸಿ, "ನೀವು ಭಾನುವಾರದ ಒಂದು ಸಲಕ್ಕೆ ನಿದ್ದೆ ಕೆಡಿಸ್ಕೊಂಡಿದೀರ," ಎಂದಳು.

ಕ್ಷಮಿಸು ಎಂದೆ.

"ಕಾಗದ ತಗೊಳ್ಳಿ. ನಾನು ಅಂದಂಗೇ ಬರೀರಿ. ತಿದ್ಬೇಡಿ."

ಬರೆದೆ. ಮೇಲಿನದು ಇಳಿದು ವಾರವಾಯಿತು. ಕಪ್ಪು ಹಸು ಕರು ಹಾಕಿದೆ. ನಿನ್ನ ಕಂಬಳಿಯನ್ನು ತಿಂಗಳಿಗೊಂದು ಸಲ ಬಿಸಿಲಿಗೆ ಹಾಕುತ್ತೇನೆ, ಅದರಲ್ಲಿ ಈಗ ನಿನ್ನ ವಾಸನೆ ಉಳಿದಿಲ್ಲ, ಬಿಸಿಲಿನದೇ ಇದೆ. ಹಿಂದಿನ ಕಾಗದಗಳ ಮಾತು ನನ್ನದಲ್ಲ. ನಾನು ಈಗಲೂ ಗುಡಿಸಲುಗಳ ಹಿಂದಿನಿಂದಲೇ ಓಡಾಡುತ್ತೇನೆ.

"ಭಾನುವಾರ ಏನು ಮಾಡ್ತೀಯ ತಂಗಿ?"

"ಭಾನುವಾರದ್ದು ಭಾನುವಾರ."

ಶನಿವಾರ ಆ ಕಾಗದ ಹಿಡಿದು ಬಸ್ಸು ನಿಲ್ಲುವ ಅಂಗಡಿಯವರೆಗೆ ಹನ್ನೊಂದು ಮೈಲಿ ನಡೆದೆ. ನದಿ ದಾಟುವಾಗ, ಇದು ನೀರಿಗೆ ಬಿದ್ದರೆ ಯಾರಿಗೂ ತಿಳಿಯದು ಎಂಬ ಯೋಚನೆ ಬಂತು. ಬಂದದ್ದು ನಿಜ. ಕಾಗದವನ್ನು ಟೋಪಿಯೊಳಗಿಟ್ಟು, ಟೋಪಿಯನ್ನು ಎರಡು ಕೈಯಿಂದ ಒತ್ತಿ ಹಿಡಿದು ದಾಟಿದೆ.

ಭಾನುವಾರ ಚರ್ಚು ತುಂಬಿತ್ತು. ಎಂದೂ ಬಾರದ ದುಮೆಜುಲು ಬಂದು ಬಾಗಿಲ ಹತ್ತಿರ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಮೂವರ ಪರೀಕ್ಷೆ ಮುಗಿಯಿತು. ನೊಬಂಟು ಎದ್ದು ನಿಂತಳು. ಪಾದ್ರಿ ಮಶಿಯಾ ಕನ್ನಡಕದ ಮೇಲಿನಿಂದ ನೋಡಿ, "ಹೇಳಮ್ಮಾ," ಎಂದರು.

ಅವಳು ತಂದೆಯನ್ನು ಕರೆದಳು. ಅಲ್ಲಿಗೆ ನಿಂತಳು.

ಪಾದ್ರಿ ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಅವಳ ಪಕ್ಕದಲ್ಲೇ, ಎರಡು ಮೊಳ ದೂರದಲ್ಲಿ ನಿಂತಿದ್ದೆ. ಅವಳ ಬಾಯಿ ತೆರೆಯಿತು. ತೆರೆದದ್ದನ್ನು ನಾನು ಕಂಡೆ. ಬಾಗಿಲ ಬಳಿ ಮುದುಕ ತಲೆ ತಗ್ಗಿಸಿದ. ನಾನು ಇನ್ನೊಂದು ಉಸಿರು ಸುಮ್ಮನಿದ್ದರೆ ಅವಳು ಹೇಳಿಬಿಡುತ್ತಾಳೆ ಅನ್ನಿಸಿತು. ಸುಮ್ಮನಿರಬೇಕೆಂದು ಮೈಯೆಲ್ಲ ಹೇಳುತ್ತಿತ್ತು.

"ಇಜುಲು," ಎಂದು ನಾನು ಗಟ್ಟಿಯಾಗಿ ಹೇಳಿದೆ.

ಅವಳು ನನ್ನ ಕಡೆ ತಿರುಗಲಿಲ್ಲ. ನಾನು ಬಿಟ್ಟಲ್ಲಿಂದ ಹಿಡಿದು ಕೊನೆಯವರೆಗೆ ಒಂದೇ ಸಮನೆ ಹೇಳಿ ಮುಗಿಸಿದಳು.

"ಉಪದೇಶಿ, ಪರೀಕ್ಷೆ ನಿನಗೋ ಆಕೆಗೋ?" ಎಂದರು ಪಾದ್ರಿ. ಹಿಂದೆ ಯಾರೋ ನಕ್ಕರು.

ನಾನು ನಿಯಮದ ಮಾತೆತ್ತುವ ಮೊದಲೇ ಮಂಬೆಲೆ ಎದ್ದರು. "ಪಾದ್ರಿಗಳೇ, ಅವಳು ಸೊಸೆ. ಮಾವ ಅಗೋ ಬಾಗಿಲ ಹತ್ರ ಕೂತವ್ನೆ. ಅವನ ಹೆಸರು ಏನು ಅಂತ ನನ್ನ ಕೇಳಿ, ನಾನು ಹೇಳ್ತೀನಿ, ನಂಗೇನೂ ಅಡ್ಡಿಯಿಲ್ಲ. ನಿಮ್ಮ ಮನೆಯಮ್ಮ ನಿಮ್ಮಪ್ಪನ ಹೆಸರು ಹಿಡಿದು ಕರೀತಾರಾ?"

ಪಾದ್ರಿ ಕನ್ನಡಕ ತೆಗೆದು ಒರೆಸಿದರು. "ನಮ್ಮಪ್ಪನ ಹೆಸರಿನ ದೆಸೆಯಿಂದ ನಮ್ಮ ಮನೇಲಿ ಉಪ್ಪಿಗೆ ಇಪ್ಪತ್ತು ವರ್ಷದಿಂದ ಬೇರೆ ಹೆಸರು," ಎಂದರು. ಎಲ್ಲರೂ ನಕ್ಕರು, ಮುದುಕನೂ ನಕ್ಕ. ಪಾದ್ರಿ ಪುಸ್ತಕದಲ್ಲಿ ನೊಬಂಟುವಿನ ಹೆಸರು ಬರೆದರು.

ಮುಂದಿನ ಗುರುವಾರ ಅವಳು ಕೆಂಪು ರವಿಕೆಯಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದಳು. ನಾನು ಮಾಡಿದ್ದು ಸರಿಯೆಂದು ಮಂಬೆಲೆ ಹೇಳಿದರು. ನನಗೆ ಇಂದಿಗೂ ಖಾತ್ರಿಯಿಲ್ಲ. ಅವಳ ಬಾಯಿ ತೆರೆದಿತ್ತು. 'ಮೇಲಿನದು' ಎನ್ನಲು ತೆರೆಯಿತೋ, ಆ ಪದವನ್ನೇ ಹೇಳಲು ತೆರೆಯಿತೋ? ಹೇಳುವವಳಿದ್ದರೆ, ಅದು ಅವಳೇ ಮಾಡಿದ ತೀರ್ಮಾನ. ಅದನ್ನು ನಾನು ಅವಳ ಬಾಯಿಂದ ಕಿತ್ತುಕೊಂಡಂತಾಯಿತು. ಅವಳು ಬಂದ ಮಂಗಳವಾರಗಳಲ್ಲೆಲ್ಲ ಕೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಅವಳು ಎದುರಿಗೆ ಬಂದು ಕೂರುತ್ತಿದ್ದಳು. ನಾನು ಪೆನ್ನಿಗೆ ಶಾಯಿ ಅದ್ದುತ್ತಿದ್ದೆ.

ಏಳನೆಯ ವಾರ ವೆಲಿಲೆಯ ಉತ್ತರ ಬಂತು. ಯಾರೋ ಗುಮಾಸ್ತರ ಅಕ್ಷರ. ನಾನು ಓದಿದೆ, ಅವಳು ಕೇಳಿದಳು. ಅವನು ಬೆನ್ನುನೋವಿನ ಬಗ್ಗೆ ಬರೆಸಿದ್ದ, ಕರು ಯಾವ ಬಣ್ಣದ್ದೆಂದು ಕೇಳಿದ್ದ, ಕ್ರಿಸ್ಮಸ್ಸಿಗೆ ರಜೆ ಕೇಳುತ್ತೇನೆ ಎಂದಿದ್ದ. ಕೊನೆಗೆ ಒಂದು ಸಾಲಿತ್ತು.

"ಈಗ ನಿನ್ನ ಕಾಗದ ಬರೆಯುತ್ತಿರುವವನು ಯಾರು? ಹಿಂದೆ ಬರೆಯುತ್ತಿದ್ದವನು ಊರು ಬಿಟ್ಟನೇ?"

ನೊಬಂಟು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಕಣ್ಣೊರೆಸಿಕೊಂಡು, ಹಾಳೆಯ ಕಡೆ ಗಲ್ಲ ತೋರಿಸಿದಳು.

"ಹೂಂ, ಬಿಟ್ಟೋದ ಅಂತ ಬರೀರಿ."

ಅವಳು ಅಂದಂತೆಯೇ ಬರೆದೆ.