ಹಲಸಿನ ಮರದ ತಿರುವಿನಲ್ಲಿ ಕೆಮ್ಮುವ ಕಾರು

ಮದುವೆ ಹತ್ತಿರ ಬಂದ ಹೆಣ್ಣುಮಕ್ಕಳು ಮುಖಕ್ಕೆ ಕಡಲೆ ಹಿಟ್ಟು ಹಚ್ಚಿಕೊಂಡು ಕನ್ನಡಿ ಮುಂದೆ ಕೂರುತ್ತಾರಂತೆ. ಮಾದಾಪುರದ ಗಂಗಣ್ಣನ ಮಗಳು ಅಮೃತಾ ಮುಖಕ್ಕೆಲ್ಲ ಗ್ರೀಸ್ ಮೆತ್ತಿಕೊಂಡು ಕಾರಿನ ಕೆಳಗೆ ಮಲಗಿದ್ದಳು. ಸುಂಟಿಕೊಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು, ಮೂವತ್ತು ತುಂಬಿದವಳು, ಹಠಕ್ಕೆ ಬಿದ್ದರೆ ಮಾತ್ರ ಮೂರು ವರ್ಷದ ಮಗು. ಈಗ ಅವಳ ಹಠ ಒಂದೇ: ಮಡಿಕೇರಿಯ ಕಲ್ಯಾಣ ಮಂಟಪಕ್ಕೆ, ತನ್ನದೇ ಮದುವೆಗೆ, ಅಪ್ಪನ ಕೆಂಪು ಸ್ಪೋರ್ಟ್ಸ್ ಕಾರನ್ನು ತಾನೇ ಓಡಿಸಿಕೊಂಡು ಹೋಗಬೇಕು.

ಕಾರೂ ಅಂಥಿಂಥದ್ದಲ್ಲ. ಎರಡೇ ಸೀಟು, ಮಡಚಿಡುವ ಚಾವಣಿ, ಸ್ವಿಚ್ ಒತ್ತಿದರೆ ಬಾನೆಟ್ಟಿನೊಳಗಿಂದ ಮೇಲೆದ್ದು ಬರುವ ದೀಪಗಳು. ಎಂಬತ್ತರ ದಶಕದಲ್ಲಿ ಯಾವುದೋ ಎಸ್ಟೇಟಿನ ಮ್ಯಾನೇಜರು ಹೊರದೇಶದಿಂದ ತರಿಸಿಕೊಂಡು, ಊರು ಬಿಡುವಾಗ ಗಂಗಣ್ಣನ ಕೈಗೆ ಬೀಗದ ಕೈ ಕೊಟ್ಟುಹೋಗಿದ್ದ. ಮದುವೆಯಾದ ಮಾರನೆಯ ದಿನ ಗಂಗಣ್ಣ ಅದರಲ್ಲೇ ಹೆಂಡತಿ ಶಿವಮ್ಮನನ್ನು ಕೂರಿಸಿಕೊಂಡು ಮಡಿಕೇರಿಯ ಓಂಕಾರೇಶ್ವರನ ದರ್ಶನಕ್ಕೆ ಹೊರಟ. ಹಟ್ಟಿಹೊಳೆ ದಾಟಿದ ಮೇಲಿನ ಏರಿನಲ್ಲಿ, ಹಲಸಿನ ಮರದ ತಿರುವಿನಲ್ಲಿ ಕಾರು ಕೆಮ್ಮಿ ನಿಂತಿತು. ಮದುಮಗಳು ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅದನ್ನು ತಳ್ಳಿದಳು. ಅಂದಿನಿಂದ ಶಿವಮ್ಮ ಆ ಕಾರಿನೊಳಗೆ ಕಾಲಿಟ್ಟಿಲ್ಲ. ಕಾರು ಮೊದಲಿದ್ದ ಕಾಫಿ ಗೋಡೌನಿನ ಮೂಲೆಗೇ ಮರಳಿ, ಟಾರ್ಪಾಲು ಹೊದ್ದು, ವರ್ಷಾನುಗಟ್ಟಲೆ ನಿದ್ದೆ ಹೊಡೆಯಿತು.

ಮಗಳ ಆಸೆ ಕೇಳಿದಾಗ ಶಿವಮ್ಮ ಸೌಟು ಕೆಳಗಿಟ್ಟಳು.

"ನೋಡು, ಮದ್ವೆಗೆ ಮುಂಚೆ ಒಂದೇ ಒಂದ್ಸಲ ಅದು ನಿಲ್ದೆ ಆ ಏರು ಹತ್ಲಿ. ಹತ್ತಿದ್ರೆ ನೀನೇ ಓಡಿಸ್ಕೊಂಡು ಹೋಗು, ನಾನು ಬಾಯಿ ಬಿಡಲ್ಲ. ಇಲ್ದಿದ್ರೆ ತೆಪ್ಪಗೆ ಎಲ್ರ ಜೊತೆ ಟೆಂಪೋ ಟ್ರಾವೆಲರ್ ಹತ್ತು. ಮದುಮಗಳು ಗಾಡಿ ತಳ್ಳೋದು ಈ ಮನೇಲಿ ಒಂದ್ಸಲ ಆಗೈತೆ, ಸಾಕು."

ಅಪ್ಪ ಮಗಳು ಸೇರಿ ಕಾರನ್ನು ಎಬ್ಬಿಸಿದರು. ಹೊಸ ಬ್ಯಾಟರಿ, ಹೊಸ ಟೈರು, ತೊಳೆದ ಪೆಟ್ರೋಲ್ ಟ್ಯಾಂಕು. ಮೊದಲ ದಿನ ಎಂಜಿನ್ ಹೊತ್ತಿಕೊಂಡಾಗ ಗಂಗಣ್ಣ ಅಂಗಳದಲ್ಲಿ ಕುಣಿದೇಬಿಟ್ಟ. ಸುಂಟಿಕೊಪ್ಪಕ್ಕೆ ಹೋಗಿಬಂದರೆ ಏನೂ ತಕರಾರಿಲ್ಲ. ಹಲಸಿನ ಮರದ ಏರಿಗೆ ಹೋದರೆ ಮಾತ್ರ ಅದೇ ತಿರುವಿನಲ್ಲಿ ಕೆಮ್ಮು, ನಡುಕ, ಮೌನ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲ ಎನ್ನುವಂತೆ ಸ್ಟಾರ್ಟ್!

ಆ ಸ್ವಲ್ಪ ಹೊತ್ತನ್ನು ಅವರು ಕಳೆಯುತ್ತಿದ್ದ ರೀತಿಯೇ ಚೆಂದ. ಕಾರು ನಿಂತ ಕೂಡಲೇ ಕಾಫಿ ಹುರಿದ ಘಮ ಮೂಗಿಗೆ ಬಡಿಯುತ್ತಿತ್ತು. ಗಂಗಣ್ಣ ಬಾನೆಟ್ ಎತ್ತುವ ಗೋಜಿಗೇ ಹೋಗುತ್ತಿರಲಿಲ್ಲ.

"ಬೆಳ್ಯಪ್ಪನ ಮನೇಲಿ ಹುರೀತಾ ಅವ್ರೆ ಕಣಮ್ಮ. ಬಾ, ಒಂದೊಂದು ಲೋಟ ಕುಡ್ಕಂಡು ಬರನ" ಎಂದು ತಿರುವಿನ ಮೇಲಿನ ಮನೆಗೆ ನಡೆದೇಬಿಡುತ್ತಿದ್ದ. ಬೆಳ್ಯಪ್ಪ ಹಳೆಯ ಪರಿಚಯದ ಪ್ಲಾಂಟರು, ಬಂದವರಿಗೆ ಯಾಕೆ ಬಂದಿರಿ ಎಂದು ಕೇಳುವ ಜಾಯಮಾನದವರಲ್ಲ. ಕಾಫಿ ಬರುತ್ತಿತ್ತು, ಹಲಸಿನ ಚಿಪ್ಸು ಬರುತ್ತಿತ್ತು, ಕಾಳುಮೆಣಸಿನ ಫಸಲಿನ ಮಾತು ಬರುತ್ತಿತ್ತು. ಅಷ್ಟು ಮುಗಿಸಿ ಬಂದರೆ ಕಾರು ಸ್ಟಾರ್ಟ್. "ಅದುಕ್ಕೂ ರೆಸ್ಟ್ ಬೇಕಿತ್ತು" ಎನ್ನುವುದು ಗಂಗಣ್ಣನ ತೀರ್ಮಾನ.

ವಿಜ್ಞಾನದ ಟೀಚರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವಳು ಒಂದೊಂದೇ ಭಾಗ ಬದಲಿಸತೊಡಗಿದಳು. ಪ್ಲಗ್ಗು ಹೊಸದಾಯಿತು, ಕಾಯಿಲ್ ಹೊಸದಾಯಿತು, ಹಳೆಯ ಪೆಟ್ರೋಲ್ ಪಂಪಿನ ಜಾಗಕ್ಕೆ ಕರೆಂಟಿನ ಪಂಪು ಬಂತು. ಕಾರು ನಿಂತಿತು, ಕಾಫಿ ಕುಡಿದರು. ಸೈಲೆನ್ಸರ್ ಬದಲಿಸಿದರೆ ಎಂಜಿನ್‌ಗೆ ಉಸಿರಾಟ ಸಲೀಸಾಗುತ್ತದೆ ಎಂದು ಯಾವುದೋ ವಿಡಿಯೋದವನು ಹೇಳಿದ. ಬದಲಿಸಿದ ಮೇಲೆ ಸದ್ದಿಗೆ ತೋಟದ ಕೆಲಸದವರ ಲೈನ್ ಮನೆಗಳ ಕೋಳಿಗಳೆಲ್ಲ ಮರ ಹತ್ತಿದವೇ ಹೊರತು ಕಾರು ಏರು ಹತ್ತಲಿಲ್ಲ. ಮೇಲೇಳದೆ ಹಠ ಮಾಡುತ್ತಿದ್ದ ಎಡಗಡೆಯ ದೀಪಕ್ಕೆ ಹೊಸ ಮೋಟಾರು ಹಾಕಿದಳು. ಯಾವ ವೈರು ಯಾವುದಕ್ಕೆ ತಾಗಿತೋ, ಹಾರನ್ ಒತ್ತಿದಾಗಲೆಲ್ಲ ಆ ಒಂದು ದೀಪ ಮೇಲೆದ್ದು ಕೆಳಗಿಳಿಯತೊಡಗಿತು. ಹಟ್ಟಿಹೊಳೆಯ ಬಸ್‌ಸ್ಟಾಪಿನಲ್ಲಿ ನಿಂತ ಮರ್ಯಾದಸ್ಥ ಹೆಂಗಸರಿಗೆಲ್ಲ ಕಾರು ಕಣ್ಣು ಹೊಡೆಯಿತು.

ಪೊನ್ನಂಪೇಟೆ ತಾಲೂಕು ಕಚೇರಿಯಲ್ಲಿ ಸರ್ವೆಯರ್ ಆಗಿದ್ದ ಮದುಮಗ ನಿರಂಜನ್ ಫೋನಿನಲ್ಲಿ ಕೇಳಿದ: "ಅಮೃತಾ, ಮಂಟಪಕ್ಕೆ ನೀನು ಬರ್ತೀಯ ತಾನೇ? ಕಾರ್ ಬರದಿದ್ರೂ ನಂಗೆ ಬೇಜಾರಿಲ್ಲ."

"ನಂಗಿದೆ" ಎಂದು ಫೋನಿಟ್ಟು ಅವಳು ರೇಡಿಯೇಟರಿನ ಮುಂದೆ ಹೊಸ ಫ್ಯಾನ್ ಕೂರಿಸಲು ಹೋದಳು. ಆದರೆ ಅಂದು ಸಂಜೆ ಕೈ ತೊಳೆಯುವಾಗ ಅವಳಿಗೆ ಅಳುವೇ ಬಂದುಬಿಟ್ಟಿತು. ಅಪ್ಪ ಇಷ್ಟು ಹುರುಪಿನಿಂದ ಓಡಾಡಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಈ ಕಾರು ಆ ಏರು ಹತ್ತದಿದ್ದರೆ ಅದು ಮತ್ತೆ ಟಾರ್ಪಾಲಿನೊಳಗೆ ಹೋಗುತ್ತದೆ, ಅಪ್ಪನೂ ಒಂಥರಾ ಅದರ ಜೊತೆಯಲ್ಲೇ ಹೋಗುತ್ತಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟರಲ್ಲಿ ಚಪ್ಪರದ ದಿನ ಬಂತು, ಅಂದರೆ ಮದುವೆಯ ಹಿಂದಿನ ದಿನ. ಬೆಳಿಗ್ಗೆಯೇ ಅಮೃತಾಳಿಗೆ ಅರಿಶಿನ ಹಚ್ಚಿದರು. ಅರಿಶಿನ ಬಿದ್ದ ಹುಡುಗಿ ಮಂಟಪಕ್ಕೆ ಹೊರಡುವ ತನಕ ಮನೆ ಬಿಟ್ಟು ಹೊರಗೆ ಕಾಲಿಡುವ ಹಾಗಿಲ್ಲ. ಕಾರು ನೋಡಿದರೆ ಗೋಡೌನಿನ ಮುಂದೆ, ಕಣದ ಆಚೆ ನಿಂತಿದೆ. ಅವಳು ಜಗುಲಿಯ ಅಂಚಿನಲ್ಲಿ, ಹಳದಿ ಕೆನ್ನೆಯ ಮೇಲೆ ಕೈಯಿಟ್ಟು ಕೂತು, ಅಲ್ಲಿಂದಲೇ ಕೂಗತೊಡಗಿದಳು.

"ಅಪ್ಪ, ಆಫ್ ಮಾಡ್ಬೇಡಿ, ಹಂಗೇ ಓಡ್ತಾ ಇರ್ಲಿ! ಬಿಸಿಯಾದ್ಮೇಲೆ ಹೆಂಗಾಗುತ್ತೆ ನೋಡೋಣ!"

ಗಂಗಣ್ಣ ಆಕ್ಸಿಲರೇಟರ್ ಒತ್ತಿ ಹಿಡಿದು ಕೂತ. ನೆಂಟರು ಕಿವಿ ಮುಚ್ಚಿಕೊಂಡು ಉಪ್ಪಿಟ್ಟು ತಿಂದರು. ಎಷ್ಟೋ ಹೊತ್ತಾದ ಮೇಲೆ ಒಳಗಿನಿಂದ ಶಿವಮ್ಮ ಸೆರಗು ಸೊಂಟಕ್ಕೆ ಕಟ್ಟಿಕೊಂಡು ಹೊರಗೆ ಬಂದಳು.

"ಯಾರು ಕಾಫಿ ಹುರೀತಿರೋದು? ನಾನು ನಿನ್ನೇನೇ ಎಲ್ಲ ಹುರಿದು ಪುಡಿ ಮಾಡ್ಸಿ ಡಬ್ಬಿಗೆ ತುಂಬಾಯ್ತು!"

ಎಲ್ಲರ ಮೂಗಿಗೂ ವಾಸನೆ ಬಂದೇ ಇತ್ತು, ಕೊಡಗಿನಲ್ಲಿ ಮದುವೆ ಮನೆ ಎಂದ ಮೇಲೆ ಕಾಫಿ ಹುರಿಯದೆ ಇರುತ್ತಾರೆಯೇ ಎಂದು ಯಾರೂ ಅದನ್ನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

ಶಿವಮ್ಮನ ದೃಷ್ಟಿ ಸೀದಾ ಹೋಗಿ ಗಂಗಣ್ಣನ ಅಕ್ಕ ಶಕುಂತಲಮ್ಮನ ಮೇಲೆ ನಿಂತಿತು. ಇದಕ್ಕೆ ಕಾರಣವಿತ್ತು. ಮನೆ ಬಳಕೆಗೆಂದು ಶಿವಮ್ಮ ಆರಿಸಿಟ್ಟ ಪೀಬೆರಿ, ಅಂದರೆ ದುಂಡು ಕಾಫಿ ಬೀಜ, ಗೋಡೌನಿನ ಚೀಲದಲ್ಲಿ ತಿಂಗಳು ತಿಂಗಳೂ ಇಳಿಯುತ್ತಿತ್ತು. ಅತ್ತಿಗೆ ಬಂದುಹೋದಾಗಲೆಲ್ಲ ಬ್ಯಾಗಿನಲ್ಲಿ ತುಂಬಿಕೊಂಡು ಹೋಗುತ್ತಾರೆ ಎನ್ನುವ ಗುಮಾನಿ ಶಿವಮ್ಮನದು. ಬಾಯಿಬಿಟ್ಟು ಹೇಳದಿದ್ದರೂ ಶಕುಂತಲಮ್ಮನಿಗೆ ಅದು ತಿಳಿದಿತ್ತು. ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಆಗಿತ್ತು.

"ನನ್ ಮುಖ ಏನ್ ನೋಡ್ತೀಯ ಶಿವಮ್ಮ? ಬಾ, ಎಲ್ಲಿ ಹುರೀತಾವ್ರೆ ಹುಡುಕನ" ಎಂದು ಶಕುಂತಲಮ್ಮ ಎದ್ದೇಬಿಟ್ಟಳು.

ಅತ್ತಿಗೆ ನಾದಿನಿ ಇಬ್ಬರೂ ಮೂಗು ಮುಂದೆ ಮಾಡಿಕೊಂಡು ಹೊರಟರು. ಅಡಿಗೆ ಭಟ್ಟರ ಒಲೆ ನೋಡಿದರು, ಹಿತ್ತಲ ಬಚ್ಚಲೊಲೆ ನೋಡಿದರು, ಲೈನ್ ಮನೆಗಳ ತನಕ ಹೋಗಿ ವಾಪಸು ಬಂದರು. ಕಣ ದಾಟುವಾಗ ವಾಸನೆ ಜೋರಾಯಿತು. ಶಿವಮ್ಮ ಬಗ್ಗಿ, ಮೂಸಿ, ಕೊನೆಗೆ ಕಾರಿನ ಬಾನೆಟ್ಟಿನ ಹತ್ತಿರ ಮೂಗು ತಂದು ನಿಂತಳು. ಅಷ್ಟರಲ್ಲಿ ಕಾರು ಕೆಮ್ಮಿತು, ನಡುಗಿತು, ನಿಂತಿತು.

ಜಗುಲಿಯ ಮೇಲೆ ಅಮೃತಾ ತಟ್ಟನೆ ಎದ್ದು ನಿಂತಳು. "ಅಪ್ಪ! ಬೆಳ್ಯಪ್ಪ ಅಂಕಲ್ ಮನೇಲಿ ಒಂದು ದಿನವಾದ್ರೂ ಹುರಿಯೋದು ಕಣ್ಣಲ್ಲಿ ನೋಡಿದ್ದೀರಾ?"

ಗಂಗಣ್ಣ ಸ್ಟೇರಿಂಗ್ ಹಿಡಿದುಕೊಂಡೇ ಯೋಚಿಸಿದ. "ಇಲ್ವಲ್ಲಮ್ಮ. ಕುಡ್ದಿದೀನಿ ಅಷ್ಟೇ."

ಬಾನೆಟ್ ಎತ್ತಿದರು. ಬೆಂಕಿಯಂತೆ ಕಾಯುವ ಎಗ್ಸಾಸ್ಟ್ ಪೈಪಿನ ಮೇಲೆ ತಗಡಿನ ಮರೆಯೊಂದಿತ್ತು. ಗಂಗಣ್ಣ ಹಳೆಯ ಬನಿಯನ್ ಕೈಗೆ ಸುತ್ತಿಕೊಂಡು ಅದರ ಬೋಲ್ಟುಗಳನ್ನು ಬಿಚ್ಚಿ ಎಳೆದದ್ದೇ ತಡ, ಬುಳಬುಳನೆ ಕಾಫಿ ಬೀಜ ಸುರಿಯಿತು. ಅಡಿಯಲ್ಲಿ ಕರಕಲಾದದ್ದು, ನಡುವೆ ಹದವಾಗಿ ಹುರಿದದ್ದು, ಮೇಲೆ ಮೊನ್ನೆಯಷ್ಟೇ ತಂದಿಟ್ಟ ಹಸಿ ಬೀಜ. ಜೊತೆಗೆ ಗೋಣಿಯ ನಾರು, ಒಣಗಿದ ಎಲೆ. ಗೋಡೌನಿನ ಇಲಿಗಳಿಗೆ ಅದು ಬೆಚ್ಚನೆಯ ಉಗ್ರಾಣವಾಗಿತ್ತು.

"ಅಯ್ಯೋ, ನನ್ ಪೀಬೆರಿ!" ಎಂದಳು ಶಿವಮ್ಮ.

ಶಕುಂತಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಶಿವಮ್ಮನ ಮುಖ ಕಾರಿನ ಬಣ್ಣಕ್ಕೆ ತಿರುಗಿತು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಮೃತಾಳಿಗೆ ಈಗ ಎಲ್ಲವೂ ಹೊಳೆಯಿತು. ಆ ಸಂದಿಯಲ್ಲಿ ಗಾಳಿ ಆಡಬೇಕು. ಬೀಜ ತುಂಬಿಕೊಂಡು ಗಾಳಿ ಕಟ್ಟಿದ್ದರಿಂದ ತಗಡು ಕಾಯುತ್ತಿತ್ತು, ತಗಡಿಗೆ ತಾಗಿಕೊಂಡೇ ಹೋಗಿದ್ದ ಪೈಪಿನೊಳಗೆ ಪೆಟ್ರೋಲು ಆವಿಯಾಗುತ್ತಿತ್ತು, ಎಂಜಿನ್‌ಗೆ ಕುಡಿಯಲು ಹನಿಯೂ ಇಲ್ಲದಂತಾಗುತ್ತಿತ್ತು. ಇವರು ಬೆಳ್ಯಪ್ಪನವರ ಜಗುಲಿಯಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಪೈಪು ತಣ್ಣಗಾಗುತ್ತಿತ್ತು. ಆ ಪೆಟ್ರೋಲ್ ಪೈಪನ್ನು ದೂರ ಸರಿಸಿ ಕಟ್ಟಬೇಕು. ಆದರೆ ಅವಳ ಕಾಲು ಜಗುಲಿ ಇಳಿಯುವ ಹಾಗಿಲ್ಲ, ಅಪ್ಪನ ದಪ್ಪ ಕೈ ಆ ಸಂದಿಗೆ ಹೋಗುವ ಹಾಗಿಲ್ಲ.

ತೀರ್ಪು ಕೊಟ್ಟವಳು ಶಕುಂತಲಮ್ಮ. ಅಂದು ಅವಳ ಮಾತಿಗೆ ಎದುರಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಚಪ್ಪರ ಹಾಕಿದ್ಮೇಲೆ ಅದರ ಕೆಳಗೆಲ್ಲ ಮನೆ ಲೆಕ್ಕವೇ. ಗಾಡೀನ ಚಪ್ಪರದೊಳಿಕ್ಕೆ ತಳ್ಳಿ!"

ನೆಂಟರೆಲ್ಲ ಉಪ್ಪಿಟ್ಟಿನ ಕೈ ಒರೆಸಿಕೊಂಡು ತಳ್ಳಿದರು. ಬಾಳೆಕಂಬ, ಮಾವಿನ ತೋರಣದ ಕೆಳಗೆ ಅರಿಶಿನದ ಕೈಯಲ್ಲಿ ಸ್ಪ್ಯಾನರ್ ಹಿಡಿದು ಮದುಮಗಳು ಪೈಪು ಸರಿಸಿ ಕಟ್ಟಿದಳು, ಅದಕ್ಕೆ ಶಾಖ ತಾಗದಂತೆ ಪಟ್ಟಿ ಸುತ್ತಿದಳು. ಎಂಜಿನ್ ಮೇಲೆಲ್ಲ ಹಳದಿ ಬೆರಳಿನ ಗುರುತು ಮೂಡಿತು.

ಆದರೆ ಏರು ಹತ್ತಿಸಿ ನೋಡಲು ಸಮಯವೇ ಉಳಿಯಲಿಲ್ಲ. ಅಮೃತಾ ಅಮ್ಮನ ಮುಖ ನೋಡಿದಳು. ಶಿವಮ್ಮ ಹುರಿದ ಬೀಜವೊಂದನ್ನು ಬಾಯಿಗೆ ಹಾಕಿಕೊಂಡು ಕಟುಕಟು ಅಗಿಯುತ್ತಿದ್ದಳು.

"ಸರಿ, ಓಡ್ಸು. ಪಕ್ಕದ ಸೀಟಲ್ಲಿ ನಾನ್ ಕೂರ್ತೀನಿ."

"ನೀನಾ!" ಎಂದ ಗಂಗಣ್ಣ. ಆ ಸೀಟು ತನ್ನದೆಂದು ಅವನು ಹೊಸ ಟೊಪ್ಪಿಯನ್ನೂ ತಂದಿಟ್ಟುಕೊಂಡಿದ್ದ.

"ನಿಂತ್ರೆ ತಳ್ಳಾಕೆ ಒಬ್ರು ಬೇಕಲ್ರೀ. ನಂಗೆ ಅಭ್ಯಾಸ ಐತೆ."

ಮಾರನೆಯ ಬೆಳಿಗ್ಗೆ ಚಾವಣಿ ಮಡಚಿದ ಕೆಂಪು ಕಾರು ಮುಂದೆ, ಕಾರು ನಿಂತರೆ ಕಟ್ಟಿ ಎಳೆಯಲೆಂದು ಹಗ್ಗ ಹಿಡಿದು ಕೂತ ಗಂಗಣ್ಣನಿದ್ದ ಟೆಂಪೋ ಟ್ರಾವೆಲರ್ ಹಿಂದೆ. ಹಟ್ಟಿಹೊಳೆ ದಾಟುವಷ್ಟರಲ್ಲಿ ಟೆಂಪೋ ಕಣ್ಣಿಗೇ ಕಾಣಲಿಲ್ಲ. ಏರು ಶುರುವಾಯಿತು. ಅಮೃತಾಳ ಬಳೆಗಳು ಸ್ಟೇರಿಂಗಿಗೆ ಬಡಿದು ಗಲಗಲ ಎಂದವು. ಶಿವಮ್ಮ ಒಂದು ಕೈಯಲ್ಲಿ ಮಗಳ ಬಾಸಿಂಗದ ಡಬ್ಬಿ, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದು, ಉಸಿರನ್ನೂ ಬಿಗಿಹಿಡಿದಳು. ಹಲಸಿನ ಮರ ಬಂತು. ಬೆಳ್ಯಪ್ಪ ಗೇಟಿನಲ್ಲಿ ಟ್ರೇ ಹಿಡಿದೇ ನಿಂತಿದ್ದರು, ಇವತ್ತೂ ನಿಲ್ಲುತ್ತದೆ ಎಂದು ಲೋಟ ಜೋಡಿಸಿಕೊಂಡು.

ಕಾರು ಕೆಮ್ಮಲಿಲ್ಲ. ಅಮೃತಾ ಹಾರನ್ ಒತ್ತಿದಳು, ಕಾರು ಬೆಳ್ಯಪ್ಪನವರಿಗೆ ಕಣ್ಣು ಹೊಡೆದು ತಿರುವು ದಾಟಿ ಮೇಲೆ ಹಾರಿತು. "ಹೋಯ್ತು! ಹೋಯ್ತು ಕಣೇ!" ಎಂದು ಶಿವಮ್ಮ ಸೀಟಿನಲ್ಲೇ ಎದ್ದು ನಿಂತು ಕೂಗಿದಳು. ಅವಳ ಸೆರಗು ಗಾಳಿಗೆ ಪಟಪಟ ಎಂದಿತು. ಅಮೃತಾ ನಗುತ್ತಾ ಅಳುತ್ತಿದ್ದಳು, ಕಾಡಿಗೆ ಕೆನ್ನೆಗಿಳಿದದ್ದೂ ಗೊತ್ತಾಗಲಿಲ್ಲ.

ಮಂಟಪ ತಲುಪಿದರೆ ಬಾಗಿಲಿಗೆ ಬೀಗ. ದಾರಿಯಲ್ಲಿ ಕಾರು ನಿಲ್ಲುವ ಹೊತ್ತನ್ನೂ ಲೆಕ್ಕ ಹಿಡಿದು ಗಂಗಣ್ಣ ಬೇಗ ಹೊರಡಿಸಿದ್ದ. ಗಂಡಿನ ಕಡೆಯವರಿರಲಿ, ಹೂವಿನವನೂ ಬಂದಿರಲಿಲ್ಲ.

ಶಿವಮ್ಮ ಸುತ್ತ ನೋಡಿದಳು. ಕಾರಿನಿಂದ ಇಳಿಯಲಿಲ್ಲ.

"ಪಾಪ, ಬೆಳ್ಯಪ್ಪನೋರು ಕಾಫಿ ಹಿಡ್ಕಂಡು ನಿಂತಿದ್ರು. ತಿರುಗ್ಸು ಗಾಡೀನ."

ದಾರಿಯ ಮನೆಮನೆಯಲ್ಲೂ ನೆಂಟರನ್ನು ಹತ್ತಿಸಿಕೊಂಡು ತಡವಾದ ಟೆಂಪೋ ಉಬ್ಬಸಪಡುತ್ತಾ ಏರು ಹತ್ತಿ ಬಂದಾಗ ಗಂಗಣ್ಣನಿಗೆ ಮೊದಲು ಕಂಡದ್ದು ಹಲಸಿನ ಮರದ ಕೆಳಗೆ ನಿಂತ ಕೆಂಪು ಕಾರು. ಟೆಂಪೋ ಪೂರ್ತಿ ನಿಲ್ಲುವ ಮುಂಚೆಯೇ ಹಗ್ಗ ಹಿಡಿದು ಕೆಳಗೆ ಹಾರಿದ.

ಮೇಲೆ ಬೆಳ್ಯಪ್ಪನವರ ಜಗುಲಿಯಲ್ಲಿ ಮದುಮಗಳೂ ಅವಳ ತಾಯಿಯೂ ಕಾಲು ಇಳಿಬಿಟ್ಟು ಕೂತು ಕಾಫಿ ಕುಡಿಯುತ್ತಿದ್ದರು.

"ಮಡಿಕೇರಿಗೆ ಹೋಗಿ ಬಂದು ಕೂತಿದ್ದಾರೆ ಮಾರಾಯ್ರೆ, ಎಂತ ನೋಡ್ತೀರಿ!" ಎಂದರು ಬೆಳ್ಯಪ್ಪ.

ಗಂಗಣ್ಣ ಹಗ್ಗವನ್ನು ಅಲ್ಲೇ ಬಿಟ್ಟ. ಕಾರಿನ ಬಿಸಿ ಬಾನೆಟ್ಟಿನ ಮೇಲೆ ಅಂಗೈ ಊರಿ, ಬಾಯಿ ಬಿಟ್ಟುಕೊಂಡು ನಿಂತ. ಶಿವಮ್ಮ ಲೋಟ ಹಿಡಿದು ಇಳಿದು ಬಂದು ಅದನ್ನು ಅವನ ಕೈಗೆ ಕೊಟ್ಟಳು, ತಾನು ಹೋಗಿ ಕಾರಿನೊಳಗೆ ಕೂತಳು.

"ಕುಡ್ದು ಆ ಟೆಂಪೋದಲ್ಲೇ ಬನ್ನಿ. ಈ ಸೀಟು ಇನ್ಮೇಲೆ ನಂದು."