ಸೀಮೆಸುಣ್ಣದ ಗೆರೆಯೊಳಗಿನ ನೆರಳು

ನನ್ನ ಮಗಳು ಗುಬ್ಬಿ, ಕಿಟಕಿ ಪರದೆಗಳಿಗೆ ಚಿತ್ತಾರ ಬರೆಯುವವಳು. ಬಟ್ಟೆ ಮಿಲ್ಲಿನವರು ಅದನ್ನೇ ಅಚ್ಚು ಹಾಕುತ್ತಾರೆ. ಆದರೆ ಅವಳು ಚಿತ್ತಾರ ಹುಡುಕುವ ರೀತಿ ಇದೆಯಲ್ಲ, ದೇವರಿಗೇ ಪ್ರೀತಿ! ನೆಲದ ಮೇಲೆ ಯಾವ ನೆರಳು ಬಿದ್ದರೂ ಸರಿ, ಸೀಮೆಸುಣ್ಣ ಹಿಡಿದು ಸುತ್ತ ಗೆರೆ ಎಳೆದುಬಿಡುತ್ತಾಳೆ. ಕುರ್ಚಿಯ ಬೆನ್ನು, ಒಣಹಾಕಿದ ಕಾಲುಚೀಲ, ಕಿಟಕಿಯಲ್ಲಿ ಕೂತ ಪಾರಿವಾಳ. ಕಾಗದಕ್ಕೆ ಇಳಿಸುವ ತನಕ ನಾನು ನೆಲ ಒರೆಸುವ ಹಾಗಿಲ್ಲ. ನಾನೋ, ಧೂಳು ಕಂಡರೆ ಮೈ ಉರಿಯುವವಳು. "ಇದೇನು ಮನೆಯೋ, ಸ್ಲೇಟೋ?" ಅಂತ ದಿನಾ ಗೊಣಗುತ್ತಾ ನೆರಳುಗಳನ್ನು ದಾಟಿಕೊಂಡು ಓಡಾಡುತ್ತಿದ್ದೆ.

ಆಮೇಲೆ ಮಿಲ್ಲಿಗೆ ಹೊಸ ಮ್ಯಾನೇಜರ್ ಬಂದ. ಅವಳ ಚಿತ್ತಾರವನ್ನು ಬೆರಳ ತುದಿಯಲ್ಲಿ ಆಚೆ ತಳ್ಳಿ, "ಇದರಲ್ಲಿ ಜೀವವೇ ಇಲ್ಲ" ಅಂದನಂತೆ. ಅವನ ಬಾಯಿಗಿಷ್ಟು ಮಣ್ಣು ಹಾಕ! ಗುಬ್ಬಿ ಮನೆಗೆ ಬಂದವಳೇ ಸೀಮೆಸುಣ್ಣದ ಡಬ್ಬಿಯನ್ನು ಅಟ್ಟಕ್ಕೆ ಎಸೆದು, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅವತ್ತಿನಿಂದ ಏನು ಕೇಳಿದರೂ ಹ್ಞೂಂ, ಉಹ್ಞೂಂ, ಅಷ್ಟೇ.

ಈಗ ನೆಲ ಎಷ್ಟು ಬೇಕಾದರೂ ಒರೆಸಬಹುದು. ಆದರೆ ಒರೆಸಲು ಕೂತರೆ ಕೈಯೇ ಓಡದು. ಬಿಸಿಲು ಎಂದಿನಂತೆ ಬಂದು, ನಡುಮನೆಯಲ್ಲಿ ಸ್ವಲ್ಪ ಹೊತ್ತು ಮಲಗಿ, ಗೋಡೆ ಹತ್ತಿ ಹೋಗುತ್ತಿತ್ತು. ಕುರ್ಚಿಯ ನೆರಳು ನಿಧಾನಕ್ಕೆ ಉದ್ದವಾಗಿ, ತೆಳ್ಳಗಾಗಿ, ಬಾಗಿಲ ತನಕ ಹೋಗಿ ಕರಗುತ್ತಿತ್ತು. ಇಷ್ಟು ವರ್ಷ ದಾಟಿ ಹೋದದ್ದನ್ನು ಮೊದಲ ಸಲ ನಿಂತು ನೋಡಿದೆ. ಅಯ್ಯೋ, ಎಷ್ಟು ಚೆಂದ ಇತ್ತು! ಅಂಥದ್ದನ್ನು ಮಗಳು ಬಿಟ್ಟುಬಿಟ್ಟಳಲ್ಲ!

ಸರಿ, ನೆರಳು ಕೂಡಿಹಾಕಲು ನಾನೇ ಹೊರಟೆ. ಹಲ್ಲು ಮುರಿದ ಬಾಚಣಿಗೆ, ಜರಡಿ, ಕಡ್ಡಿ ಕಿತ್ತ ಛತ್ರಿ, ಒಂದೊಂದನ್ನೂ ತಂದು ಅವಳ ಕೋಣೆಯ ಮುಂದೆ ಬಿಸಿಲಿಗಿಟ್ಟೆ. ಜರಡಿಯಿಂದ ಬೆಳಕಿನ ಚುಕ್ಕಿಗಳು ನೆಲದ ತುಂಬ ಉದುರಿದವು. ಅವುಗಳ ನಡುವೆ ಕನಸಿನಲ್ಲಿ ನಡೆದ ಹಾಗೆ ನಡೆದೆ. ಗಡಿಯಾರ ರಿಪೇರಿ ಮಾಡುವ ನಮ್ಮ ಯಜಮಾನರು ಬಾಗಿಲಲ್ಲೇ ನಿಂತರು.

"ಏನೇ ಇದು, ಗುಜರಿ ಅಂಗಡಿ ಇಟ್ಟಿದ್ದೀಯಾ?"

"ಸುಮ್ನಿರಿ. ನಿಮ್ಮ ಹತ್ರ ಹಲ್ಲಿನ ಚಕ್ರ ಇದ್ರೆ ಕೊಡಿ."

ಜೇಬಿನಿಂದ ಒಂದು ತೆಗೆದು ಕಿಟಕಿಯಲ್ಲಿಟ್ಟರು. ಪಾಪ, ಅವರಿಗೂ ಸಂಕಟವೇ.

ಗುಬ್ಬಿ ಮಾತ್ರ ಎಲ್ಲವನ್ನೂ ದಾಟಿಕೊಂಡು ಬಚ್ಚಲಿಗೆ ಹೋದಳು, ಬಂದಳು, ಮಲಗಿದಳು. ಮರುದಿನವೂ ಅದೇ ಕಥೆ. ನನಗೆ ರೇಗಿಹೋಯಿತು. ಒಲೆ ಮೇಲೆ ಹಾಲಿಟ್ಟು ಬಂದವಳು, ಬಿಚ್ಚಿದ ಕೂದಲನ್ನೂ ಕಟ್ಟದೆ, ಸೊಂಟದ ಮೇಲೊಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ಸೌಟು ಎತ್ತಿ ಅವಳ ಬಾಗಿಲಲ್ಲಿ ನಿಂತೆ.

"ಸಾಕಾಯ್ತು ಕಣೇ! ಎದ್ದೇಳ್ತೀಯೋ, ಇಲ್ಲಾ..."

ಅವಳು ಈ ಕಡೆ ಹೊರಳಿದಳು. ಕಣ್ಣು ನನ್ನ ಮೇಲಿರಲಿಲ್ಲ, ನೆಲದ ಮೇಲಿತ್ತು.

"ಅಮ್ಮಾ, ಅಲ್ಲಾಡಬೇಡ!"

ಎದ್ದವಳೇ ಸ್ಟೂಲ್ ಎಳೆದು, ಹತ್ತಿ, ಅಟ್ಟದಲ್ಲಿ ಡಬ್ಬಿಗೆ ತಡಕಾಡಿದಳು. ಅಡುಗೆಮನೆಯಲ್ಲಿ ಹಾಲು ಸುಂಯ್ ಅನ್ನತೊಡಗಿತು. ಇವತ್ತಿನವರೆಗೆ ನಾನು ಒಲೆ ಮೇಲೆ ಹಾಲು ಉಕ್ಕಿಸಿದ್ದಿಲ್ಲ, ಉಕ್ಕಿಸಿದವರನ್ನು ಸುಮ್ಮನೆ ಬಿಟ್ಟದ್ದೂ ಇಲ್ಲ. "ರೀ, ಹಾಲು" ಅಂತ ಕೂಗೋಣವೆಂದರೆ, ತುಟಿ ಅಲ್ಲಾಡಿದರೆ ನೆರಳು ಕೆಟ್ಟೀತೆಂಬ ಹೆದರಿಕೆ.

ಗುಬ್ಬಿ ಮೊಣಕಾಲೂರಿ, ನಾಲಿಗೆ ಕಚ್ಚಿಕೊಂಡು, ನನ್ನ ಸೌಟಿನ ಸುತ್ತ, ಕೆದರಿದ ಕೂದಲಿನ ಸುತ್ತ ಗೆರೆ ಎಳೆಯುತ್ತಿದ್ದಳು. ಹಾಲು ಉಕ್ಕಿತು. ಸೀದ ವಾಸನೆ ಮನೆಯೆಲ್ಲ ತುಂಬಿತು.

"ಇನ್ನೂ ಸ್ವಲ್ಪ ಹೊತ್ತು, ಅಮ್ಮ," ಅಂದಳು.

ನಾನು ಅಲ್ಲಾಡಲಿಲ್ಲ.