ಉಡಿಯ ಹಸಿರು ಖಣ

ಬೆಂಗಳೂರಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿದಾಗಿನಿಂದ ಮಾನಮ್ಮನಿಗೆ ಒಂದೇ ಚಿಂತೆ: ಬಾಯಿ ತಪ್ಪಿ ಏನಾದರೂ ಅಂದುಬಿಟ್ಟರೆ? ತಮ್ಮ ಬಸುವಿಗೆ ಅವಳ ಕಿಡ್ನಿ ಹೊಂದುತ್ತದೆ ಎಂದು ರಕ್ತದ ಪರೀಕ್ಷೆಗಳೆಲ್ಲ ಹೇಳಿದ್ದವು. ಉಳಿದದ್ದು ಮನಸ್ಸಿನ ಪರೀಕ್ಷೆ. ಅದರಲ್ಲಿ ಫೇಲಾದರೆ ಆಪರೇಷನ್ ಇಲ್ಲ. ಬಸು ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವುದು ತಪ್ಪುವುದಿಲ್ಲ.

"ಕೇಳಿದ್ದಕ್ಕ ಖರೇ ಹೇಳಕ್ಕ, ಅಷ್ಟ ಸಾಕು" ಎಂದಿದ್ದ ಬಸು.

ಹಲಸೂರಿನ ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ ಮನಸ್ಸಿನ ಡಾಕ್ಟರು ಹೇಮಶ್ರೀ ಮೇಡಂ ಅವಳೊಬ್ಬಳನ್ನೇ ಕೂರಿಸಿಕೊಂಡರು. ಬಸುವಿನ ಹೆಂಡತಿ ಕಾವೇರಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ಮೇಡಂ ನಿದ್ದೆಯ ಬಗ್ಗೆ ಕೇಳಿದರು, ಭಯದ ಬಗ್ಗೆ ಕೇಳಿದರು. ಭಯ ಐತ್ರಿ, ಆದ್ರ ಕೊಡೂದು ಕೊಡೂದ, ಎಂದಳು ಮಾನಮ್ಮ.

"ಕಿಡ್ನಿ ಕೊಡ್ತಿರೋದಕ್ಕೆ ಯಾರಾದ್ರೂ ನಿಮಗೆ ಏನಾದ್ರೂ ಕೊಟ್ಟಿದಾರಾ?"

"ಹೌದ್ರಿ. ಕಾವೇರಿ ಕೊಟ್ಟಾಳ್ರಿ, ಇವತ್ತ ಮುಂಜಾನೆ."

ಮೇಡಂ ಪೆನ್ನು ನಿಂತಿತು. "ಏನು ಕೊಟ್ರು?"

ಮಾನಮ್ಮ ಮಡಿಲಲ್ಲಿದ್ದ ಚೀಲವನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನ ಕೊಂಬು, ಒಂದು ಹಸಿರು ಕುಪ್ಪಸದ ಖಣ. "ಉಡಿ ತುಂಬ್ಯಾಳ್ರಿ."

"ಓ, ಮಡಿಲು ತುಂಬೋದು. ನೀವು ಕೇಳಿದ್ರಾ?"

"ಅಯ್ಯ, ಉಡಿ ಯಾರರ ಕೇಳಿ ತುಂಬಿಸ್ಕೋತಾರೇನ್ರಿ?" ಎಂದವಳಿಗೆ ಕಿಡ್ನಿ ಮಾರುತ್ತಿದ್ದಾಳೇನೋ ಎಂದು ನೋಡಲು ಮೇಡಂ ಕೇಳಿದ್ದೆಂಬುದು ಆಗ ಹೊಳೆಯಿತು. "ಮೇಡಂ, ಇದಕ್ಕ ಫೇಲ್ ಮಾಡಬ್ಯಾಡ್ರಿ. ಎಲ್ಲಾ ವಾಪಸ್ ಕೊಡ್ತೀನ್ರಿ."

ಮೇಡಂ ಕಾವೇರಿಯನ್ನು ಒಳಗೆ ಕರೆದರು. ಬಿಚ್ಚಿದ ಚೀಲ ಕಂಡದ್ದೇ ಕಾವೇರಿ ಹಣೆ ಚಚ್ಚಿಕೊಂಡಳು. "ಉಡಿ ಅಕ್ಕಿ ಆಸ್ಪತ್ರ್ಯಾಗ ಬಿಚ್ಚತಾರೇನ್ರಿ ಅಕ್ಕಾ?"

"ಮೇಡಂ ಕೇಳಿದ್ರವಾ!"

"ಕೇಳಿದ್ರ ಹೇಳಬೇಕು, ಅಂಗಡಿ ಹಚ್ಚಬೇಕೇನ್ರಿ? ನೋಡ್ರಿ ಮೇಡಂ, ಇವ್ರು ಹಿಂಗ. ಪ್ರೀತಿಲೆ ಖಣ ಕೊಟ್ರ, ಈ ಬಣ್ಣ ನನಗ ಒಪ್ಪೂದಿಲ್ಲ ಅಂತ ಬಸ್ಸಿನ ತುಂಬ ಗೊಣಗ್ಯಾರ. ಹೋದ ತಿಂಗಳ 'ಅಕ್ಕಾ, ನಿಮಗೂ ಮಕ್ಕಳದಾವ, ಕಿಡ್ನಿ ಕೊಡೂದು ಬ್ಯಾಡ್ರಿ' ಅಂತ ನಾ ಕೈ ಮುಗದ್ರ, 'ನನ್ನ ತಮ್ಮನ ಮಾತಿನ್ಯಾಗ ನೀ ಬರಬ್ಯಾಡ' ಅಂತ ನನ್ನ ಬೈದಾರ. ನಾಕ್ ದಿನ ಮಾತಾಡಿಲ್ರಿ!"

ಮೇಡಂ ಮಾನಮ್ಮನ ಕಡೆ ತಿರುಗಿದರು. "ಬೈದಿದ್ದು ನಿಜಾನಾ?"

ಮಾನಮ್ಮ ತಲೆ ತಗ್ಗಿಸಿದಳು. "ಖರೇರಿ."

ಹೇಮಶ್ರೀ ಮೇಡಂಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಬರೆದರು; ಬರೆದದ್ದನ್ನು ಓದಿಯೂ ಹೇಳಿದರು. "ಒತ್ತಾಯ ಇಲ್ಲ. ಆಮಿಷ ಇಲ್ಲ. ದಾನಿ ತಾನಾಗೇ ಒಪ್ಪಿದ್ದಾರೆ. ನನ್ನ ಕಡೆಯಿಂದ ಓಕೆ, ಮಾನಮ್ಮ."

ಮಾನಮ್ಮ ತೆಂಗಿನಕಾಯಿಯನ್ನೆತ್ತಿ ಅವರ ಮುಂದೆ ಹಿಡಿದಳು. ಮೇಡಂ ಎರಡೂ ಕೈ ಎತ್ತಿದರು. "ಬೇಡಮ್ಮಾ! ಆಮೇಲೆ ನನ್ನನ್ನೂ ಕೂರಿಸಿ ಇದೇ ಪ್ರಶ್ನೆ ಕೇಳ್ತಾರೆ."

ವಾಪಸಾಗುವ ಬಸ್ಸಿನಲ್ಲಿ ಕಾವೇರಿ ಬಸುವಿಗೆ ಫೋನು ಹಚ್ಚಿ ಅಳುತ್ತ ನಗುತ್ತ ಎಲ್ಲ ಹೇಳುತ್ತಿದ್ದಳು. ಕಿಟಕಿಯ ಬಿಸಿಲಿನಲ್ಲಿ ಮಾನಮ್ಮ ಖಣವನ್ನು ತೋಳಿನ ಮೇಲೆ ಹರಡಿ, ಅತ್ತಿತ್ತ ತಿರುಗಿಸಿ ನೋಡಿದಳು.

"ಕಾವೇರಿ, ಕುಪ್ಪಸದ ತೋಳು ಉದ್ದ ಇಡಸ್ಲೋ, ಗಿಡ್ಡ ಇಡಸ್ಲೋ?"